ಚಲಿಸುವ ಚಿತ್ರಕ್ಕೆ ಲೆಕ್ಕ ಹಾಕಿಕೊಟ್ಟ ಜೋಸೆಫ್ ಪ್ಲಾಟೋ

ಇಂದು ಮೊಬೈಲ್ ಫೋನನ್ನೋ ದೂರದರ್ಶನ ಯಂತ್ರವನ್ನೋ ಕೊಳ್ಳಲು ಹೋದವರ ಕಿವಿಗೆ ಬೀಳುವ ಮೊದಲ ಮಾತುಗಳಲ್ಲಿ ಹರ್ಟ್ಜ್ ಎಂಬುದೂ ಒಂದು. 60 ಹರ್ಟ್ಜ್‌ಗಿಂತ 90 ಉತ್ತಮ, 90ಕ್ಕಿಂತ 120 ಉತ್ತಮ ಎಂದು ಅಂಗಡಿಯವರು ವಿವರಿಸುತ್ತಾರೆ. ಪರದೆಯು ಒಂದು ಸೆಕೆಂಡಿನಲ್ಲಿ ಎಷ್ಟು ಬಾರಿ ತನ್ನನ್ನು ತಾನು ಹೊಸದಾಗಿ ಬರೆದುಕೊಳ್ಳುತ್ತದೆ ಎಂಬುದೇ ಆ ಸಂಖ್ಯೆಯ ಅರ್ಥ. ಇದನ್ನು ರಿಫ್ರೆಶ್ ರೇಟ್ ಎನ್ನುತ್ತಾರೆ. ನಾವು ನೋಡುವ ವಿಡಿಯೊಗೆ ಇನ್ನೊಂದು ಸಂಖ್ಯೆ ಇದೆ. ಒಂದು ಸೆಕೆಂಡಿನಲ್ಲಿ ಎಷ್ಟು ಬಿಡಿಚಿತ್ರಗಳು ಅದರಲ್ಲಿ ಅಡಕವಾಗಿವೆ ಎಂಬುದು ಅದು. ಇದು ಫ್ರೇಮ್ ರೇಟ್. ಈ ಎರಡು ಸಂಖ್ಯೆಗಳ ನಂಟಿನಿಂದ ಚಿತ್ರದ ಓಟ ಕಣ್ಣಿಗೆ ಸರಾಗವಾಗಿಯೋ ತಡವರಿಸುತ್ತಲೋ ಕಾಣುತ್ತದೆ. ಈ ನಂಟಿನ ಬುನಾದಿಯನ್ನು ಸುಮಾರು ಇನ್ನೂರು ವರ್ಷಗಳ ಹಿಂದೆ ಒಂದು ರಟ್ಟಿನ ಬಿಲ್ಲೆಯ ಮೇಲೆ ತೋರಿಸಿಕೊಟ್ಟವರು ಬೆಲ್ಜಿಯಂ ದೇಶದ ಭೌತವಿಜ್ಞಾನಿ ಜೋಸೆಫ್ ಪ್ಲಾಟೋ. ಗ್ರೀಸಿನ ತತ್ತ್ವಜ್ಞಾನಿ ಪ್ಲೇಟೋ ಬೇರೆ, ಇವರು ಬೇರೆ. ನೋಟದ ಗುಟ್ಟನ್ನು ಅಳೆದ ಈ ಮಹನೀಯರು ತಮ್ಮ ಬದುಕಿನ ಕೊನೆಯ ನಲವತ್ತು ವರ್ಷಗಳನ್ನು ಪೂರ್ಣ ಕುರುಡಿನಲ್ಲಿ ಕಳೆದರು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಜೋಸೆಫ್ ಆಂಟೊಯಿನ್ ಫರ್ಡಿನಾಂಡ್ ಪ್ಲಾಟೋ ಅವರು 1801ರ ಅಕ್ಟೋಬರ್ 14ರಂದು ಬ್ರಸೆಲ್ಸ್ ನಗರದಲ್ಲಿ ಜನಿಸಿದರು. ಅವರು ಹುಟ್ಟಿದಾಗ ಆ ಊರು ಫ್ರಾನ್ಸಿನ ಆಳ್ವಿಕೆಯಲ್ಲಿತ್ತು. 1815ರ ಹೊತ್ತಿಗೆ ಅದು ನೆದರ್ಲೆಂಡ್ಸ್ ಅರಸೊತ್ತಿಗೆಗೆ ಸೇರಿತು. 1830ರಲ್ಲಿ ಬೆಲ್ಜಿಯಂ ಸ್ವತಂತ್ರವಾದಾಗ ಅದರ ರಾಜಧಾನಿಯಾಯಿತು. ಮನೆ ಬದಲಾಗದೆಯೇ ರಾಜ್ಯ ಬದಲಾಗುವ ಅನುಭವ ಏನೆಂಬುದನ್ನು 1956ನ್ನು ಕಂಡ ನಮ್ಮ ಗಡಿನಾಡಿನ ಹಿರಿಯರಿಗೆ ವಿವರಿಸಬೇಕಾಗಿಲ್ಲ.

ತಂದೆ ಹೂವುಗಳ ಚಿತ್ರ ಬರೆಯುವುದರಲ್ಲಿ ಪರಿಣತರಾದ ಕಲಾವಿದರು. ಮಗನೂ ಕುಂಚ ಹಿಡಿಯಲಿ ಎಂಬ ಆಸೆಯಿಂದ ಬ್ರಸೆಲ್ಸಿನ ಚಿತ್ರಕಲಾ ಶಾಲೆಗೆ ಸೇರಿಸಿದರು. ಆದರೆ ಹುಡುಗನ ಒಲವು ಭೌತವಿಜ್ಞಾನದ ಪ್ರಯೋಗಗಳತ್ತ ಹರಿಯಿತು. ಹದಿನಾಲ್ಕು ತುಂಬುವಷ್ಟರಲ್ಲಿ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಬಾಲಕನನ್ನು ವಕೀಲರಾಗಿದ್ದ ಸೋದರಮಾವ ಸಲಹಿದರು. ಬ್ರಸೆಲ್ಸಿನ ಅಥೇನಿಯಂ ಶಾಲೆಯಲ್ಲಿ ಗಣಿತ ಕಲಿಸಿದ ಅಡಾಲ್ಫ್ ಕೆತ್ಲೆ ಅವರು ಈ ವಿದ್ಯಾರ್ಥಿಯ ಶಕ್ತಿಯನ್ನು ಬೇಗನೆ ಗುರುತಿಸಿದರು. ಮುಂದೆ ಸಂಖ್ಯಾಶಾಸ್ತ್ರದಲ್ಲಿ ದೊಡ್ಡ ಹೆಸರಾದ ಕೆತ್ಲೆ, ಪ್ಲಾಟೋ ಅವರಿಗೆ ಜೀವನವಿಡೀ ಬೆಂಬಲವಾಗಿ ನಿಂತರು.

ಪ್ಲಾಟೋ ಲಿಯೇಜ್ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದು ಕಾನೂನು ಓದಲೆಂದು. ಆದರೆ ಅಲ್ಲಿಯೂ ವಿಜ್ಞಾನದ ಸೆಳೆತವೇ ಗೆದ್ದಿತು. ಓದಿನ ಜೊತೆಗೆ ಜೀವನೋಪಾಯವೂ ನಡೆಯಬೇಕಾಗಿದ್ದರಿಂದ 1827ರಲ್ಲಿ ಅದೇ ಊರಿನ ಅಥೇನಿಯಂನಲ್ಲಿ ಗಣಿತದ ಅಧ್ಯಾಪಕರಾದರು. 1829ರಲ್ಲಿ, ಬೆಳಕು ಕಣ್ಣಿನ ಮೇಲೆ ಉಂಟುಮಾಡುವ ಅಚ್ಚುಗಳನ್ನು ಕುರಿತ ಪ್ರಬಂಧಕ್ಕೆ ಡಾಕ್ಟರೇಟ್ ಪಡೆದರು. ಪುಟಗಳ ಲೆಕ್ಕದಲ್ಲಿ ಅದು ತೀರ ಚಿಕ್ಕ ಪ್ರಬಂಧ. ಆದರೆ ಅವರ ಮುಂದಿನ ಕೆಲಸಕ್ಕೆಲ್ಲ ಅದೇ ಬೀಜವಾಯಿತು.

ಕೊಳ್ಳಿಯ ಚಕ್ರದಿಂದ ಅಳತೆಯವರೆಗೆ

ಉರಿಯುವ ಕೊಳ್ಳಿಯನ್ನು ಕತ್ತಲಲ್ಲಿ ರಭಸವಾಗಿ ತಿರುಗಿಸಿದರೆ ಬೆಂಕಿಯ ಬಳೆ ಕಾಣುತ್ತದೆ ಎಂಬುದು ಪ್ರಾಚೀನರಿಗೂ ಗೊತ್ತಿತ್ತು. ನಮ್ಮ ವೇದಾಂತಿಗಳು ಇದನ್ನು ಅಲಾತಚಕ್ರ ಎಂದು ಕರೆದು ತೋರಿಕೆಯ ಜಗತ್ತಿಗೆ ಉಪಮೆಯಾಗಿ ಬಳಸಿದರು. ಯೂರೋಪಿನಲ್ಲಿ 1765ರಷ್ಟು ಹಿಂದೆಯೇ ಡಾರ್ಸಿ ಎಂಬ ವಿದ್ವಾಂಸರು ಕೆಂಡವನ್ನು ಯಂತ್ರಕ್ಕೆ ಕಟ್ಟಿ ತಿರುಗಿಸಿ, ಕಣ್ಣಿನಲ್ಲಿ ಬೆಳಕಿನ ಅಚ್ಚು ಸೆಕೆಂಡಿನ ಏಳೆಂಟನೆಯ ಒಂದು ಪಾಲಿನಷ್ಟು ಹೊತ್ತು ಉಳಿಯುತ್ತದೆ ಎಂದು ಅಳೆದಿದ್ದರು.

ಪ್ಲಾಟೋ ಅವರು ಈ ಅಳತೆಯನ್ನು ಇನ್ನಷ್ಟು ಸೂಕ್ಷ್ಮವಾಗಿಸಿದರು. ಬಣ್ಣದ ಕಾಗದದ ಪಟ್ಟಿಗಳನ್ನು ತಿರುಗುವ ಚಕ್ರಗಳಿಗೆ ಅಂಟಿಸಿ, ಯಾವ ವೇಗದಲ್ಲಿ ಅವು ಬೆರೆತು ಒಂದಾಗಿ ಕಾಣುತ್ತವೆ ಎಂದು ಪರೀಕ್ಷಿಸಿದರು. ಅಚ್ಚು ಕಣ್ಣಿನಲ್ಲಿ ಮೂಡಲು ಒಂದಿಷ್ಟು ಕಾಲ ಬೇಕು. ಮೂಡಿದ್ದು ಅಳಿಯಲು ಇನ್ನಷ್ಟು ಕಾಲ ಬೇಕು. ಅದು ಒಮ್ಮೆಗೇ ಮಾಯವಾಗದೆ ಕ್ರಮೇಣ ಮಸುಕಾಗುತ್ತದೆ ಎಂಬುದನ್ನು ಅವರು ಕಂಡುಕೊಂಡರು. ಪೂರ್ತಿ ಅಳಿಯಲು ಸರಾಸರಿ ಒಂದು ಸೆಕೆಂಡಿನ ಮೂರನೆಯ ಒಂದು ಭಾಗ ಹಿಡಿಯುತ್ತದೆ ಎಂಬುದು ಅವರ ಲೆಕ್ಕ.

ಅದೇ ವರ್ಷ, 1829ರಲ್ಲಿ, ಅವರು ಅಪಾಯಕಾರಿಯಾದ ಒಂದು ಪ್ರಯೋಗ ಮಾಡಿದರು. ಅತಿ ಪ್ರಖರವಾದ ಬೆಳಕಿನ ಅಚ್ಚು ಹೇಗೆ ಉಳಿಯುತ್ತದೆ ಎಂದು ತಿಳಿಯಲು ಸುಮಾರು ಇಪ್ಪತ್ತೈದು ಸೆಕೆಂಡುಗಳ ಕಾಲ ನೇರವಾಗಿ ಸೂರ್ಯನನ್ನು ದಿಟ್ಟಿಸಿದರು. ಕೆಲವು ದಿನ ಕಣ್ಣು ಕಾಣದಂತಾಯಿತು. ಅನಂತರ ದೃಷ್ಟಿ ಮರಳಿತು, ಕೆಲಸವೂ ಮುಂದುವರಿಯಿತು. ಈ ಘಟನೆ ಅವರ ಬದುಕಿನ ಮೇಲೆ ಚಾಚಿದ ನೆರಳಿನ ವಿಚಾರ ಮುಂದೆ ಬರಲಿದೆ.

ಹದಿನಾರು ಸೀಳುಗಳ ಬಿಲ್ಲೆ

ಆ ಕಾಲದಲ್ಲಿ ತಿರುಗುವ ಚಕ್ರಗಳ ವಿಚಿತ್ರ ನೋಟ ಅನೇಕ ವಿಜ್ಞಾನಿಗಳ ಕುತೂಹಲ ಕೆರಳಿಸಿತ್ತು. ಬೇಲಿಯ ಸಂದುಗಳ ಮೂಲಕ ನೋಡಿದಾಗ ಗಾಡಿಯ ಚಕ್ರದ ಅರೆಕಾಲುಗಳು ಬಾಗಿದಂತೆ ಕಾಣುವುದನ್ನು ಲಂಡನ್ನಿನ ಪೀಟರ್ ರೋಜೆ 1824ರಲ್ಲಿ ವಿವರಿಸಿದ್ದರು. ಮೈಕೆಲ್ ಫ್ಯಾರಡೆ ಅವರು ಹಲ್ಲುಚಕ್ರಗಳ ಇಂಥದೇ ಭ್ರಮೆಗಳ ಬಗೆಗೆ ಬರೆದಾಗ, ತಾವು ಅದಕ್ಕೂ ಮೊದಲೇ ಇದರಲ್ಲಿ ಕೆಲವನ್ನು ಪ್ರಕಟಿಸಿದ್ದೇವೆ ಎಂದು ಪ್ಲಾಟೋ ತಿಳಿಸಿದರು. ಫ್ಯಾರಡೆ ಅದನ್ನು ಒಪ್ಪಿಕೊಂಡರು. ಜಗಳಕ್ಕೆ ತಿರುಗಬಹುದಾಗಿದ್ದ ಪ್ರಸಂಗ ಹೀಗೆ ಪತ್ರಸ್ನೇಹಕ್ಕೆ ದಾರಿಯಾಯಿತು.

1832ರಲ್ಲಿ ಪ್ಲಾಟೋ ಒಂದು ಸರಳ ಸಾಧನವನ್ನು ರೂಪಿಸಿದರು. ರಟ್ಟಿನ ದುಂಡನೆಯ ಬಿಲ್ಲೆ. ಅದರ ಅಂಚಿನಲ್ಲಿ ಸಮ ಅಂತರದಲ್ಲಿ ಹದಿನಾರು ಕಿರಿದಾದ ಸೀಳುಗಳು. ಸೀಳುಗಳ ನಡುವೆ, ತಿರುಗುತ್ತ ಕುಣಿಯುವ ನರ್ತಕನ ಹದಿನಾರು ಭಂಗಿಗಳು, ಒಂದಕ್ಕಿಂತ ಒಂದು ತುಸು ಮುಂದುವರಿದಂತೆ. ಚಿತ್ರವಿರುವ ಮುಖವನ್ನು ಕನ್ನಡಿಗೆ ಹಿಡಿದು, ಬಿಲ್ಲೆಯನ್ನು ತಿರುಗಿಸುತ್ತ, ಹಿಂಬದಿಯಿಂದ ಸೀಳುಗಳ ಮೂಲಕ ಕನ್ನಡಿಯಲ್ಲಿ ನೋಡಿದರೆ ನರ್ತಕ ನಿಂತ ಜಾಗದಲ್ಲೇ ಗಿರಗಿರನೆ ತಿರುಗುತ್ತಾನೆ. 1833ರ ಜನವರಿಯಲ್ಲಿ ಗುರು ಕೆತ್ಲೆಯವರ ಪತ್ರಿಕೆಗೆ ಬರೆದ ಪತ್ರದಲ್ಲಿ ಅವರು ಇದನ್ನು ವಿವರಿಸಿದರು. ಇದಕ್ಕೆ ಫೆನಾಕಿಸ್ಟಿಸ್ಕೋಪ್ ಎಂಬ ಹೆಸರು ಬಂದಿತು. ಅದೇ ಹೊತ್ತಿಗೆ ವಿಯೆನ್ನಾದಲ್ಲಿ ಸೈಮನ್ ಸ್ಟಾಂಪ್ಫರ್ ಕೂಡ ಇಂಥದೇ ಬಿಲ್ಲೆಯನ್ನು ಸ್ವತಂತ್ರವಾಗಿ ರಚಿಸಿದ್ದರು. ಕೆಲವೇ ತಿಂಗಳುಗಳಲ್ಲಿ ಪ್ಯಾರಿಸ್, ಲಂಡನ್ ನಗರಗಳ ಅಂಗಡಿಗಳಲ್ಲಿ ಇದು ಆಟಿಕೆಯಾಗಿ ಮಾರಾಟಕ್ಕೆ ಬಂದಿತು.

ಆ ಬಿಲ್ಲೆಯಲ್ಲಿ ಎರಡು ಸೂಕ್ಷ್ಮಗಳು ಅಡಗಿದ್ದವು. ಇಂದಿನ ಪರದೆಗಳ ಅರ್ಧ ಶಾಸ್ತ್ರ ಅವುಗಳಲ್ಲೇ ಇದೆ ಎಂದು ನಾವು ಭಾವಿಸುತ್ತೇವೆ.

ಮೊದಲನೆಯದು ಸೀಳಿನ ಕೆಲಸ. ಸೀಳುಗಳಿಲ್ಲದೆ ಬಿಲ್ಲೆಯನ್ನು ನೇರವಾಗಿ ನೋಡಿದರೆ ಚಿತ್ರಗಳೆಲ್ಲ ಕಲಸಿಕೊಂಡು ಬೂದುಬಣ್ಣದ ಪಟ್ಟಿಯಾಗುತ್ತವೆ. ಸೀಳು ಕಣ್ಣಿನ ಮುಂದೆ ಹಾದುಹೋಗುವ ಆ ಕ್ಷಣಮಾತ್ರದಲ್ಲಿ ಚಿತ್ರ ಹೆಚ್ಚು ಸರಿಯಲಾರದು. ಆದ್ದರಿಂದ ಸ್ಪಷ್ಟವಾಗಿ ಕಾಣುತ್ತದೆ. ಮರುಕ್ಷಣ ರಟ್ಟು ಅಡ್ಡಬಂದು ಕತ್ತಲಾಗುತ್ತದೆ. ಆ ಕತ್ತಲಲ್ಲಿ ಹಳೆಯ ಚಿತ್ರ ಹೋಗಿ ಹೊಸದು ಅದರ ಜಾಗಕ್ಕೆ ಬರುತ್ತದೆ. ಚಲನೆಯನ್ನು ಸ್ಪಷ್ಟವಾಗಿ ತೋರಿಸಬೇಕಾದರೆ ಚಿತ್ರಗಳ ನಡುವೆ ಕತ್ತಲು ಬೇಕು ಎಂಬುದು ಬಿಲ್ಲೆಯ ಮೊದಲ ಪಾಠ.

ಎರಡನೆಯದು ಎಣಿಕೆಯ ಹೊಂದಾಣಿಕೆ. ಸೀಳುಗಳೂ ಚಿತ್ರಗಳೂ ತಲಾ ಹದಿನಾರು ಇದ್ದರೆ ನರ್ತಕ ನಿಂತಲ್ಲೇ ಕುಣಿಯುತ್ತಾನೆ. ಸೀಳು ಹದಿನಾರಿದ್ದು ಚಿತ್ರ ಹದಿನೈದಿದ್ದರೆ ಅವನು ಕುಣಿಯುತ್ತಲೇ ಬಿಲ್ಲೆಯ ಸುತ್ತ ಜಾರಲಾರಂಭಿಸುತ್ತಾನೆ. ಚಿತ್ರ ಬದಲಾಗುವ ಲಯಕ್ಕೂ ಕಣ್ಣಿಗೆ ಅದನ್ನು ತೋರುವ ಲಯಕ್ಕೂ ಹೊಂದಿಕೆಯಾಗದಿದ್ದರೆ, ಬರೆದವನು ಉದ್ದೇಶಿಸದ ಇನ್ನೊಂದು ಚಲನೆ ಹುಟ್ಟಿಕೊಳ್ಳುತ್ತದೆ.

1835ರಲ್ಲಿ ಪ್ಲಾಟೋ ಗೆಂಟ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಯೋಗಿಕ ಭೌತವಿಜ್ಞಾನದ ಪ್ರಾಧ್ಯಾಪಕರಾದರು. ಊರಿನ ಜನ ಆಡುತ್ತಿದ್ದುದು ಫ್ಲೆಮಿಶ್, ವಿಶ್ವವಿದ್ಯಾನಿಲಯದಲ್ಲಿ ಪಾಠ ನಡೆಯುತ್ತಿದ್ದುದು ಫ್ರೆಂಚ್ ಭಾಷೆಯಲ್ಲಿ. ಅದೇ ಕಾಲದಲ್ಲಿ ಇಂಗ್ಲೆಂಡಿನ ಟಾಲ್ಬಟ್ ಮತ್ತು ಪ್ಲಾಟೋ ಅವರ ಕೆಲಸದಿಂದ ಒಂದು ನಿಯಮ ರೂಪುಗೊಂಡಿತು. ಕಣ್ಣಿಗೆ ಮಿನುಗು ತಿಳಿಯದಷ್ಟು ವೇಗವಾಗಿ ಬೆಳಕು ಹತ್ತಿ ಆರುತ್ತಿದ್ದರೆ, ಕಾಣುವ ಹೊಳಪು ಅದರ ಸರಾಸರಿಗೆ ಸಮನಾಗಿರುತ್ತದೆ. ಅರ್ಧ ಕಾಲ ಬೆಳಕು, ಅರ್ಧ ಕಾಲ ಕತ್ತಲು ಇದ್ದರೆ ಕಾಣುವುದು ಅರ್ಧ ಹೊಳಪು. ಇದಕ್ಕೆ ಇಂದಿಗೂ ಟಾಲ್ಬಟ್ ಮತ್ತು ಪ್ಲಾಟೋ ಅವರ ಜೋಡಿ ಹೆಸರೇ ಇದೆ.

ಬೆಳಕು ಆರಿದ ಮೇಲೆ

1840ರಲ್ಲಿ ಪ್ಲಾಟೋ ಅವರು ಫ್ಯಾನಿ ಕ್ಲಾವರೋ ಅವರನ್ನು ವಿವಾಹವಾದರು. ಮರುವರ್ಷ ಮಗ ಫೆಲಿಕ್ಸ್ ಜನಿಸಿದ. ಅದೇ ಸುಮಾರಿಗೆ ಕಣ್ಣಿನ ಉರಿಯೂತ ಆರಂಭವಾಯಿತು. 1843ರ ಹೊತ್ತಿಗೆ ದೃಷ್ಟಿ ಪೂರ್ಣವಾಗಿ ಹೋಯಿತು. ಆಗ ಅವರ ವಯಸ್ಸು ನಲವತ್ತೆರಡು.

ವಿಜ್ಞಾನಕ್ಕಾಗಿ ಸೂರ್ಯನನ್ನು ನೋಡಿ ಕುರುಡರಾದವರು ಎಂಬ ಕಥೆ ಪ್ಲಾಟೋ ಅವರ ಹೆಸರಿಗೆ ಅಂಟಿಕೊಂಡಿದೆ. ಅವರೂ ಹಾಗೆಯೇ ನಂಬಿದ್ದರು. ಆದರೆ ಸೂರ್ಯನ ಬೆಳಕು ಕಣ್ಣಿನ ನಡುಭಾಗವನ್ನು ಸುಡುವುದು ಕೂಡಲೇ. ಹನ್ನೆರಡು ವರ್ಷ ಸುಮ್ಮನಿದ್ದು ಅನಂತರ ಎರಡೂ ಕಣ್ಣುಗಳನ್ನು ಉರಿಯೂತದಿಂದ ಕೆಡಿಸುವುದು ಅದರ ರೀತಿಯಲ್ಲ. ಅವರ ಕಾಯಿಲೆಯ ವಿವರಗಳನ್ನು ಪರಿಶೀಲಿಸಿದ ಇತ್ತೀಚಿನ ವೈದ್ಯರು, ಇದು ಕಣ್ಣಿನ ಒಳಪೊರೆಯ ದೀರ್ಘಕಾಲದ ಉರಿಯೂತವಾಗಿದ್ದಿರಬೇಕು ಎನ್ನುತ್ತಾರೆ. ಸೂರ್ಯನನ್ನು ದಿಟ್ಟಿಸುವುದು ಇದರಿಂದ ಕ್ಷೇಮಕರವಾಗುವುದಿಲ್ಲ. ಗ್ರಹಣ ಕಾಲದ ಎಚ್ಚರಿಕೆ ಹಾಗೆಯೇ ಉಳಿಯುತ್ತದೆ. ಆದರೆ ತ್ಯಾಗದ ಕಥೆಯೊಂದರ ಮರೆಯಲ್ಲಿ ಅವರ ನಿಜವಾದ ಸಾಧನೆ ಮಸುಕಾಗಬಾರದು.

ಆ ಸಾಧನೆ ಕುರುಡಿನ ನಂತರವೂ ನಿಲ್ಲಲಿಲ್ಲ. ಒಂದು ಪ್ರಯೋಗ ಹೇಗೆ ನಡೆಯಬೇಕೆಂದು ಅವರು ಮನಸ್ಸಿನಲ್ಲೇ ಕಟ್ಟಿ ಹೇಳುತ್ತಿದ್ದರು; ಮನೆಯವರೂ ಸಹೋದ್ಯೋಗಿಗಳೂ ಅದನ್ನು ನಡೆಸಿ, ಕಂಡದ್ದನ್ನು ವಿವರಿಸುತ್ತಿದ್ದರು. ಪತ್ನಿ ಫ್ಯಾನಿ, ಮುಂದೆ ಪ್ರಾಣಿವಿಜ್ಞಾನಿಯಾದ ಮಗ ಫೆಲಿಕ್ಸ್, ಭೌತವಿಜ್ಞಾನಿಯಾದ ಅಳಿಯ ವಾನ್ ಡೆರ್ ಮೆನ್ಸ್‌ಬ್ರುಗ್ಗೆ ಇವರೆಲ್ಲ ಅವರಿಗೆ ಕಣ್ಣಾದರು. ತಂತಿಯ ಚೌಕಟ್ಟುಗಳನ್ನು ಸಾಬೂನು ಮತ್ತು ಗ್ಲಿಸರಿನ್ ಬೆರೆಸಿದ ದ್ರವದಲ್ಲಿ ಅದ್ದಿ ತೆಗೆದಾಗ ಮೂಡುವ ಪೊರೆಗಳ ಆಕಾರವನ್ನು ಅವರು ಹೀಗೆ ಅಭ್ಯಾಸ ಮಾಡಿದರು. ಮೂರು ಪೊರೆಗಳು ಸೇರುವಲ್ಲಿ ಅವುಗಳ ನಡುವಿನ ಕೋನ ಯಾವಾಗಲೂ 120 ಡಿಗ್ರಿ, ಅಂಥ ನಾಲ್ಕು ಅಂಚುಗಳು ಒಂದು ಬಿಂದುವಿನಲ್ಲಿ ಕೂಡಿದಾಗ ಸುಮಾರು 109.5 ಡಿಗ್ರಿ ಎಂಬ ನಿಯಮಗಳನ್ನು ಕೊಟ್ಟರು. 1873ರಲ್ಲಿ ಈ ಕೆಲಸವೆಲ್ಲ ಎರಡು ಸಂಪುಟಗಳಲ್ಲಿ ಪ್ರಕಟವಾಯಿತು. ಆ ನಿಯಮಗಳಿಗೆ ಗಣಿತದ ಪೂರ್ಣ ಸಾಧನೆ ದೊರೆತದ್ದು 1976ರಲ್ಲಿ, ಅಮೆರಿಕದ ಜೀನ್ ಟೇಲರ್ ಅವರಿಂದ. ದೃಷ್ಟಿಯ ವಿಷಯವನ್ನೂ ಅವರು ಬಿಡಲಿಲ್ಲ. ಕಣ್ಣಿನ ಅನುಭವಗಳ ಬಗೆಗೆ ಪ್ರಾಚೀನ ಕಾಲದಿಂದ ಯಾರು ಏನು ಬರೆದಿದ್ದಾರೆ ಎಂಬುದರ ವಿವರವಾದ ಗ್ರಂಥಸೂಚಿಯನ್ನು ಎಪ್ಪತ್ತೈದು ದಾಟಿದ ಮೇಲೆ ಹೊರತಂದರು.

1883ರ ಸೆಪ್ಟೆಂಬರ್ 15ರಂದು ಗೆಂಟ್ ನಗರದಲ್ಲಿ ಪ್ಲಾಟೋ ಕೊನೆಯುಸಿರೆಳೆದರು. ಲ್ಯೂಮಿಯೇರ್ ಸಹೋದರರು ಪ್ಯಾರಿಸಿನಲ್ಲಿ ಟಿಕೆಟ್ ಇಟ್ಟು ಚಲನಚಿತ್ರ ತೋರಿಸಿದ್ದು 1895ರ ಡಿಸೆಂಬರ್ 28ರಂದು. ತಮ್ಮ ಬಿಲ್ಲೆಯ ಮೊಮ್ಮಗುವನ್ನು ಕಾಣಲು ಪ್ಲಾಟೋ ಅವರಿಗೆ ಆಯುಸ್ಸೂ ಇರಲಿಲ್ಲ, ಕಣ್ಣೂ ಇರಲಿಲ್ಲ.

ಎರಡು ಸಂಖ್ಯೆಗಳು ಬೇರೆಯಾದ ಬಗೆ

ಪ್ಲಾಟೋ ಅವರ ಬಿಲ್ಲೆಯಲ್ಲಿ ಚಿತ್ರಕ್ಕೊಂದು ಸೀಳು, ಸೀಳಿಗೊಂದು ಚಿತ್ರ. ಸಿನಿಮಾ ಈ ಕಟ್ಟನ್ನು ಬಿಚ್ಚಿತು. ಚಲನೆ ಎಂದು ಒಪ್ಪಿಕೊಳ್ಳಲು ಕಣ್ಣಿಗೆ ಸೆಕೆಂಡಿಗೆ ಹದಿನಾರು ಚಿತ್ರಗಳು ಸಾಕು. ಆದರೆ ಮಿನುಗು ಕಾಣದಿರಲು ಐವತ್ತರ ಆಸುಪಾಸಿನಷ್ಟು ಬೆಳಕಿನ ಸ್ಪರ್ಶಗಳು ಬೇಕು. ಹೀಗಾಗಿ ಒಂದೇ ಚಿತ್ರವನ್ನು ತೆರೆಯ ಮೇಲೆ ಎರಡು ಮೂರು ಬಾರಿ ಬೆಳಗಿಸುವ ಉಪಾಯ ಬಂದಿತು. ಮೂಕಿ ಚಿತ್ರದ ಹದಿನಾರು ಚಿತ್ರಗಳನ್ನು ಮೂರು ರೆಕ್ಕೆಯ ಶಟರ್ ನಲವತ್ತೆಂಟು ಬಾರಿ ಬೆಳಗಿಸಿತು. ಮಾತಿನ ಚಿತ್ರ ಬಂದಾಗ ಧ್ವನಿಯ ಗುಣಮಟ್ಟಕ್ಕಾಗಿ ಓಟವನ್ನು 24ಕ್ಕೆ ನಿಗದಿಗೊಳಿಸಿದರು. ಎರಡು ರೆಕ್ಕೆಯ ಶಟರ್ ಮತ್ತೆ ಅದೇ ನಲವತ್ತೆಂಟನ್ನು ಕೊಟ್ಟಿತು. ಗಡಿಯಾಚೆಯ ಕೊಲ್ಹಾಪುರದಲ್ಲಿ ತಯಾರಾಗಿ 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ಈ ವಾಕ್ಚಿತ್ರ ಯುಗದ್ದೇ. ಮುಂದೆ ನಮ್ಮ ದೂರದರ್ಶನವು ಸೆಕೆಂಡಿಗೆ 25 ಚಿತ್ರಗಳನ್ನು ಅರ್ಧರ್ಧವಾಗಿ ಸೀಳಿ 50 ಬಾರಿ ತೋರಿಸುವ ಕ್ರಮವನ್ನು ಹಿಡಿಯಿತು.

ಒಂದು ತಿದ್ದುಪಡಿಯೂ ಇಲ್ಲಿ ಸಲ್ಲಬೇಕು. ಅಚ್ಚು ಕಣ್ಣಿನಲ್ಲಿ ಉಳಿಯುವುದರಿಂದಲೇ ಚಲನೆ ಕಾಣುತ್ತದೆ ಎಂದು ಪ್ಲಾಟೋ ಅವರ ಕಾಲದವರು ತಿಳಿದಿದ್ದರು. ಬೇರೆ ಬೇರೆ ಜಾಗದಲ್ಲಿ ಕಂಡ ಎರಡು ನಿಶ್ಚಲ ಗೆರೆಗಳ ನಡುವೆ ಮಿದುಳು ಚಲನೆಯನ್ನು ತಾನೇ ಕಟ್ಟಿಕೊಳ್ಳುತ್ತದೆ ಎಂಬುದನ್ನು 1912ರಲ್ಲಿ ಮ್ಯಾಕ್ಸ್ ವರ್ಥೈಮರ್ ತೋರಿಸಿದರು. ಮಿನುಗು ಕಾಣದಿರಲು ಉಳಿಕೆ ಕಾರಣ. ಓಟ ಕಾಣಲು ಮಿದುಳು ಕಾರಣ. ಎರಡು ಸಂಖ್ಯೆಗಳು ಬೇರೆಯಾಗಲು ಸಾಧ್ಯವಾದದ್ದೂ ಇದರಿಂದಲೇ.

ಇಂದಿನ ಪರದೆಯ ಮುಂದೆ

ಬಿಲ್ಲೆಯ ಎರಡನೆಯ ಪಾಠ, ಎಣಿಕೆಯ ಹೊಂದಾಣಿಕೆ, ಇಂದು ಪ್ರತಿ ಮನೆಯಲ್ಲೂ ಪರೀಕ್ಷೆಗೆ ಒಳಗಾಗುತ್ತಿದೆ. 24 ಚಿತ್ರಗಳ ಸಿನಿಮಾವನ್ನು 60 ಹರ್ಟ್ಜ್ ಪರದೆಯಲ್ಲಿ ತೋರಿಸಬೇಕಾದರೆ ಅರವತ್ತನ್ನು ಇಪ್ಪತ್ತನಾಲ್ಕರಿಂದ ನಿಶ್ಶೇಷವಾಗಿ ಭಾಗಿಸಲಾಗದು. ಆದ್ದರಿಂದ ಒಂದು ಚಿತ್ರ ಎರಡು ಬಾರಿ, ಮುಂದಿನದು ಮೂರು ಬಾರಿ ಕಾಣುತ್ತದೆ. ಕ್ಯಾಮೆರಾ ನಿಧಾನವಾಗಿ ಬಯಲಿನ ಮೇಲೆ ಹಾಯುವ ದೃಶ್ಯದಲ್ಲಿ ಗಮನವಿಟ್ಟರೆ ಆ ಕುಂಟು ನಡೆ ಗೊತ್ತಾಗುತ್ತದೆ. 25ರ ಕಾರ್ಯಕ್ರಮಕ್ಕೂ 60ರಲ್ಲಿ ಇದೇ ಪಾಡು. 120 ಹರ್ಟ್ಜ್ ಪರದೆಯ ನಿಜವಾದ ಲಾಭ ಇಲ್ಲಿದೆ: 120ನ್ನು 24, 30, 60 ಮೂರರಿಂದಲೂ ಸಮವಾಗಿ ಭಾಗಿಸಬಹುದು. ಚಿತ್ರ ಸಿದ್ಧವಾಗುವವರೆಗೆ ಕಾದು ತನ್ನ ಲಯವನ್ನೇ ಬದಲಿಸಿಕೊಳ್ಳುವ ಪರದೆಗಳೂ ಈಗ ಬಂದಿವೆ. ಚಿತ್ರಗಳ ವೇಗ ಏರಿಳಿಯುವ ಆಟಗಳಿಗೆ ಅವು ಹೆಚ್ಚು ಉಪಯುಕ್ತ.

ಆದರೆ 30 ಚಿತ್ರಗಳ ವಿಡಿಯೊ 120 ಹರ್ಟ್ಜ್ ಪರದೆಗೆ ಬಂದೊಡನೆ 120ರದ್ದಾಗುವುದಿಲ್ಲ. ಪ್ರತಿ ಚಿತ್ರವೂ ನಾಲ್ಕು ಬಾರಿ ಕಾಣುತ್ತದೆ, ಅಷ್ಟೆ. ಫೋನಿನಲ್ಲಿ ಬರಹವನ್ನು ಬೆರಳಿನಿಂದ ಸರಿಸುವಾಗ ನಯ ಹೆಚ್ಚುತ್ತದೆ, ಏಕೆಂದರೆ ಅಲ್ಲಿ ಫೋನ್ ಪ್ರತಿ ಬಾರಿಯೂ ಹೊಸ ಚಿತ್ರವನ್ನು ತಯಾರಿಸುತ್ತದೆ. ಟಿವಿಗಳು ನಡುವಿನ ಚಿತ್ರಗಳನ್ನು ತಾವೇ ಊಹಿಸಿ ತುಂಬುವ ಸೌಲಭ್ಯವನ್ನೂ ಕೊಡುತ್ತವೆ. ಅದರಿಂದ ಕ್ರೀಡೆಯ ನೋಟ ನಯವಾಗಬಹುದು, ಸಿನಿಮಾ ಮಾತ್ರ ಧಾರಾವಾಹಿಯಂತೆ ಕಾಣಿಸಬಹುದು.

ಬಿಲ್ಲೆಯ ಮೊದಲ ಪಾಠವೂ ಮರಳಿ ಬಂದಿದೆ. ಎಲ್‌ಸಿಡಿ ಪರದೆಯಲ್ಲಿ ಸೀಳಿನ ಕತ್ತಲಿಲ್ಲ. ಮುಂದಿನ ಚಿತ್ರ ಬರುವವರೆಗೂ ಹಿಂದಿನದು ಹಾಗೆಯೇ ನಿಂತಿರುತ್ತದೆ. ಓಡುವ ಚೆಂಡನ್ನು ನಮ್ಮ ಕಣ್ಣು ಎಡೆಬಿಡದೆ ಹಿಂಬಾಲಿಸುತ್ತದೆ, ಪರದೆಯ ಮೇಲಿನ ಚೆಂಡು ಮಾತ್ರ ನಿಂತು ನಿಂತು ನೆಗೆಯುತ್ತದೆ. ಈ ವ್ಯತ್ಯಾಸವೇ ಕಣ್ಣಿನಲ್ಲಿ ಮಸುಕಾಗಿ ಹರಡುತ್ತದೆ. ಸೆಕೆಂಡಿಗೆ 1,200 ಚುಕ್ಕೆಗಳಷ್ಟು ದೂರ ಸಾಗುವ ಚೆಂಡು, 60 ಚಿತ್ರಗಳ ನೋಟದಲ್ಲಿ ಸುಮಾರು 20 ಚುಕ್ಕೆಗಳಷ್ಟು ಅಗಲಕ್ಕೆ ಬಳಿದಂತಾಗುತ್ತದೆ. ನಿಜವಾದ 120 ಚಿತ್ರಗಳಿದ್ದರೆ 10ಕ್ಕೆ ಇಳಿಯುತ್ತದೆ. ಇನ್ನೊಂದು ದಾರಿ ಪ್ಲಾಟೋ ಅವರದೇ: ಚಿತ್ರಗಳ ನಡುವೆ ಪರದೆಯ ಹಿಂಬೆಳಕನ್ನು ಕ್ಷಣಕಾಲ ಆರಿಸುವುದು. ಆಗ ಅಂಚುಗಳು ಚೂಪಾಗುತ್ತವೆ, ಚಿತ್ರ ಮಂಕಾಗುತ್ತದೆ. ಎಷ್ಟು ಮಂಕಾಗುತ್ತದೆ ಎಂಬ ಲೆಕ್ಕವನ್ನು ಹಾಕಿಕೊಡುವುದೂ ಅವರ ಹೆಸರಿನ ನಿಯಮವೇ.

ಹೀಗಿರುವಾಗ ಹಣ ತೆರುವ ಮುನ್ನ ನಾವು ಕೇಳಬೇಕಾದ ಪ್ರಶ್ನೆ ಪರದೆ ಎಷ್ಟು ಹರ್ಟ್ಜ್ ಎಂಬುದರ ಜೊತೆಗೆ, ನಾವು ನೋಡುವುದು ಎಷ್ಟು ಚಿತ್ರಗಳದ್ದು ಎಂಬುದೂ ಹೌದು. ಹೆಚ್ಚಾಗಿ ಸಿನಿಮಾ, ವಾರ್ತೆ ನೋಡುವ ಮನೆಗೂ, ವೇಗದ ಆಟಗಳನ್ನು ಆಡುವ ಯುವಕರಿಗೂ ಉತ್ತರ ಒಂದೇ ಆಗಿರಬೇಕಾಗಿಲ್ಲ.

ಗೆಂಟ್ ನಗರದಲ್ಲಿ ಇಂದು ಪ್ಲಾಟೋ ಅವರ ಹೆಸರಿನ ಬೀದಿ ಇದೆ. ಅಲ್ಲಿನ ಚಲನಚಿತ್ರೋತ್ಸವ ಅವರ ಹೆಸರಿನಲ್ಲಿ ಪ್ರಶಸ್ತಿಗಳನ್ನು ನೀಡಿದೆ. ನಮ್ಮ ಶಾಲೆಗಳ ಮಕ್ಕಳು ಅವರನ್ನು ನೆನೆಯಲು ಅಷ್ಟೆಲ್ಲ ಬೇಕಿಲ್ಲ. ಹಳೆಯ ರಟ್ಟಿನ ಪೆಟ್ಟಿಗೆ, ಒಂದು ಕತ್ತರಿ, ಒಂದು ಗುಂಡುಸೂಜಿ, ಒಂದು ಕನ್ನಡಿ ಇದ್ದರೆ ಹದಿನಾರು ಸೀಳುಗಳ ಬಿಲ್ಲೆಯನ್ನು ಯಾವ ತರಗತಿಯಲ್ಲಾದರೂ ಒಂದು ಗಂಟೆಯಲ್ಲಿ ಮಾಡಬಹುದು. ಒಮ್ಮೆ ಹದಿನಾರು ಚಿತ್ರ ಬರೆದು, ಇನ್ನೊಮ್ಮೆ ಹದಿನೈದು ಬರೆದು ತಿರುಗಿಸಿ ನೋಡಿದ ಮಗುವಿಗೆ ಹರ್ಟ್ಜ್ ಎಂಬ ಮಾತು ಒಗಟಾಗಿ ಉಳಿಯಲಾರದು.